ಹಿರಿಯರಿಗೆ ಮಸ್ಕತ್ತನ್ನು ತೋರಿಸಿದುದು

ಕೊಲ್ಲಿಯ ನಾಡುಗಳಲ್ಲಿ ಉದ್ಯೋಗನಿಮಿತ್ತ ನೆಲಸಿರುವ ನಮ್ಮ ಕರಾವಳಿಯವರಲ್ಲಿ ಒಂದು ಸಂಪ್ರದಾಯವೇ ಬೆಳೆದುಬಂದಿದೆ. ಊರಿನಿಂದ ತಂದೆತಾಯಿಗಳು ಬರುವುದು ನಿಶ್ಚಯವಾದೊಡನೆ ಮಗನಾದವನು ಕಾಗದವೊಂದನ್ನು ತೆಗೆದುಕೊಂಡು, ಮೊದಲನೆಯ ದಿನ ಮಸೀದಿ, ಎರಡನೆಯ ದಿನ ಕೋಟೆ, ಮೂರನೆಯ ದಿನ ಪೇಟೆ, ನಾಲ್ಕನೆಯ ದಿನ ಮರಳುಗಾಡು ಎಂದು ಬರೆದಿಡತಕ್ಕದ್ದು. ಬಂದವರು ಆ ಪಟ್ಟಿಗೆ ಅನುಸಾರವಾಗಿ ಕಾರಿನಿಂದ ಇಳಿದು, ಪಟ ತೆಗೆಯಿಸಿಕೊಂಡು, ಮತ್ತೆ ಕಾರನ್ನು ಏರತಕ್ಕದ್ದು. ಈ ಕ್ರಮವನ್ನು ನಾನು ಹಳಿಯುವವನಲ್ಲ; ಊರಿನ ಬಂಧುವರ್ಗಕ್ಕೆ ತೋರಿಸಲು ಅದರಿಂದ ಪಟಗಳಾದರೂ ದೊರೆಯುತ್ತವೆ. ಆದರೆ ಎಪ್ಪತ್ತನ್ನು ದಾಟಿದ ನನ್ನ ತಂದೆಯವರನ್ನೂ ಅವರಿಗಿಂತ ತುಸು ಕಿರಿಯರಾದ ತಾಯಿಯವರನ್ನೂ ಕರೆದುಕೊಂಡು ಈ ಮಸ್ಕತ್ ನಗರದಲ್ಲಿ ತಿರುಗಿದ ಮೇಲೆ ನನಗೆ ಮನದಟ್ಟಾದುದೇನೆಂದರೆ, ಕೃಷಿಯಲ್ಲಿ ಆಯುಷ್ಯವನ್ನು ಸವೆಸಿದ ಹಿರಿಯರು ಪರಸ್ಥಳವನ್ನು ಅಳೆಯುವುದು ನೀರಿನಿಂದ. ಆ ಊರಿನವರು ಎಲ್ಲಿಯ ನೀರನ್ನು ಕುಡಿಯುತ್ತಾರೆ, ಅದನ್ನು ಯಾರು ಕಾಯುತ್ತಾರೆ, ಯಾರಿಗೆ ಎಷ್ಟು ಹಂಚುತ್ತಾರೆ ಎಂಬುದು ತಿಳಿಯುವವರೆಗೆ ಉಳಿದ ವೈಭವವೆಲ್ಲವೂ ಅವರಿಗೆ ಅಲಂಕಾರಮಾತ್ರ.

ನಮ್ಮದು ವಿಟ್ಲದಿಂದ ಮುಂದೆ, ಮಾಣಿಲ-ಬಾಯಾರು ಸೀಮೆಯ ಅಡಿಕೆ ತೋಟ. ಮಸ್ಕತ್ತಿನಲ್ಲಿ ಹಿರಿಯರಿಗೆ ಸಹ್ಯವಾದ ಹವೆಯಿರುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಮೇ ಜೂನ್ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ಮೀರುವುದಲ್ಲದೆ, ಊರನ್ನು ಬಳಸಿ ನಿಂತ ಬೋಳುಬೆಟ್ಟಗಳ ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯಲ್ಲಿ ಹೊರಗೆಡಹುತ್ತದೆ. ಆದರೆ ಇಲ್ಲಿಯ ತಂಪುಕಾಲವೇ ನಮ್ಮಲ್ಲಿ ಅಡಿಕೆ ಕೊಯ್ಲಿನ ಕಾಲವಾದುದರಿಂದ, ಎರಡನೆಯ ಕೊಯ್ಲು ಮುಗಿದು ಅಂಗಳದಲ್ಲಿ ಅಡಿಕೆ ಹರವಿದ ಮೇಲೆಯೇ ಹೊರಡುವುದೆಂದೂ, ಮೂರನೆಯ ಕೊಯ್ಲಿಗೆ ತಪ್ಪದೆ ಮರಳುವುದೆಂದೂ ತಂದೆಯವರು ಕರಾರು ಹಾಕಿದರು. ಹಿರಿಯರನ್ನು ಕರೆಸಿಕೊಳ್ಳುವವರು ಮೊದಲು ನೋಡಬೇಕಾದುದು ವಿಮಾನದ ದರವನ್ನಲ್ಲ, ಅವರ ಕೃಷಿಯ ಪಂಚಾಂಗವನ್ನು. ಮನಸ್ಸು ಅಂಗಳದ ಅಡಿಕೆಯಲ್ಲಿರುವವರಿಗೆ ಯಾವ ಅರಮನೆಯನ್ನು ತೋರಿಸಿದರೂ ವ್ಯರ್ಥ. ಇನ್ನುಳಿದಂತೆ, ನಿತ್ಯದ ಔಷಧಗಳೊಡನೆ ವೈದ್ಯರ ಚೀಟಿಯನ್ನೂ ಕಟ್ಟಿಸುವುದು, ದಿನಕ್ಕೊಂದೇ ಸ್ಥಳವನ್ನು ಗೊತ್ತುಮಾಡುವುದು, ಮಧ್ಯಾಹ್ನದ ನಿದ್ರೆಗೆ ಅಡ್ಡಬಾರದಿರುವುದು ಇವೆಲ್ಲವೂ ಎಲ್ಲರಿಗೂ ತಿಳಿದ ವಿಷಯಗಳೇ. ಹಳೆಯ ಪೇಟೆಯ ಅಂಗಡಿಕಾರರೂ ಮಧ್ಯಾಹ್ನ ಬಾಗಿಲು ಹಾಕಿ ಮಲಗುವವರಾದುದರಿಂದ ಆ ವಿಷಯದಲ್ಲಿ ನನ್ನ ತಂದೆಯವರಿಗೂ ಮಸ್ಕತ್ತಿಗೂ ಪೂರ್ಣ ಐಕಮತ್ಯವಿತ್ತು.

ತಾಯಿಯವರಿಗೆ ಮೊದಲ ದಿನದಿಂದಲೇ ಒಂದು ವ್ಯಸನ ಹತ್ತಿಕೊಂಡಿತು. ಒಂದು ರಿಯಾಲು ಇನ್ನೂರು ರೂಪಾಯಿಗೂ ಮಿಗಿಲೆಂಬುದು ತಿಳಿದುದೇ ತಡ, ಕೊತ್ತಂಬರಿ ಸೊಪ್ಪಿನ ಕಟ್ಟಿನಿಂದ ಮೊದಲುಗೊಂಡು ಚಹಾದವರೆಗೆ ಎಲ್ಲವನ್ನೂ ಅವರು ಮನಸ್ಸಿನಲ್ಲಿಯೇ ಗುಣಿಸಿ, ನಿಟ್ಟುಸಿರಿಟ್ಟು, ಕೊಳ್ಳುವುದು ಬೇಡವೆಂದು ಕೈಬಿಡುತ್ತಿದ್ದರು. ಇದನ್ನು ತಡೆಯಲು ಯತ್ನಿಸುವುದು ನಿಷ್ಫಲ. ಆ ಗುಣಾಕಾರದ ಮೂಲಕವೇ ಅವರು ಮಗನ ಸಂಸಾರದ ಆಯವ್ಯಯವನ್ನು ಪರೀಕ್ಷಿಸುತ್ತಿರುತ್ತಾರೆ. ಮಸ್ಕತ್ತಿನ ಮತ್ರಾ ಎಂಬ ಭಾಗದ ಪೇಟೆಯಲ್ಲಿ ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬನು ಹಿಂದೂಸ್ಥಾನದ ರೂಪಾಯಿಯ ನೋಟುಗಳನ್ನು ಗಾಜಿನಡಿಯಲ್ಲಿ ಇರಿಸಿದುದನ್ನು ಕಂಡು ಅವರು ಬೆರಗಾದಾಗ, ಈ ನಾಡಿನಲ್ಲಿ 1970ರವರೆಗೆ ರೂಪಾಯಿಯೇ ನಡೆಯುತ್ತಿದ್ದಿತೆಂದೂ, 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿಯ ಬಳಕೆಗೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚುಹಾಕಿತೆಂದೂ ನಾನು ವಿವರಿಸಿದೆ. "ಆಗಲೇ ಬರುವುದಿತ್ತು, ಲೆಕ್ಕವಾದರೂ ಸುಲಭವಾಗುತ್ತಿತ್ತು" ಎಂದರು.

ಸುಲ್ತಾನ್ ಖಾಬೂಸ್ ಮಹಾಮಸೀದಿಯನ್ನು ನೋಡದೆ ಮಸ್ಕತ್ತಿನಿಂದ ಹೋಗುವುದು ಆಗದ ಮಾತು. 2001ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ ಮೂರು ಲಕ್ಷ ಟನ್ನು ಮರಳುಗಲ್ಲು ಬಂದುದು ಭಾರತದಿಂದ. ಅನ್ಯಮತೀಯರಿಗೆ ಬೆಳಗಿನ ಹೊತ್ತಿನಲ್ಲಿ ಮಾತ್ರ, ಶುಕ್ರವಾರವನ್ನು ಬಿಟ್ಟು, ಪ್ರವೇಶವುಂಟು. ಸ್ತ್ರೀಯರು ತಲೆಯನ್ನೂ ಮಣಿಕಟ್ಟಿನವರೆಗೆ ತೋಳನ್ನೂ ಮುಚ್ಚಿಕೊಳ್ಳಬೇಕು. ತಾಯಿಯವರು ಸೆರಗನ್ನು ತಲೆಯ ಮೇಲೆ ಹೊದ್ದು, ಚಳಿಗೆಂದು ತಂದಿದ್ದ ತುಂಬುತೋಳಿನ ಸ್ವೆಟರನ್ನು ತೊಟ್ಟು ಸರಾಗವಾಗಿ ಒಳಗೆ ನಡೆದರು. ಹದಿನಾಲ್ಕು ಮೀಟರು ಎತ್ತರದ ತೂಗುದೀಪಕ್ಕೆ ಅವರು ಕತ್ತೆತ್ತಿ ಒಂದು ನೋಟವನ್ನು ಸಲ್ಲಿಸಿದ್ದು ಸೌಜನ್ಯಕ್ಕೆ. ಕಣ್ಣು ನೆಟ್ಟದ್ದು ಕಾಲಡಿಯ ರತ್ನಗಂಬಳಿಯಲ್ಲಿ. ಎಪ್ಪತ್ತು ಮೀಟರು ಉದ್ದ, ಅರವತ್ತು ಮೀಟರು ಅಗಲ, ಇಪ್ಪತ್ತೊಂದು ಟನ್ನು ತೂಕದ ಆ ಒಂದೇ ಹಾಸನ್ನು ಇರಾನಿನ ಆರುನೂರು ಮಂದಿ ಹೆಂಗಸರು ನಾಲ್ಕು ವರ್ಷ ನೇಯ್ದರೆಂದು ಕೇಳಿದಾಗ, ಅಷ್ಟು ಜನಕ್ಕೆ ಮಧ್ಯಾಹ್ನದ ಊಟವನ್ನು ಯಾರು ಬೇಯಿಸುತ್ತಿದ್ದರೆಂಬುದು ಅವರ ಪ್ರಶ್ನೆಯಾಗಿತ್ತು. ಯಾವ ಮಾರ್ಗದರ್ಶಿ ಪುಸ್ತಕದಲ್ಲಿಯೂ ಅದಕ್ಕೆ ಉತ್ತರವಿಲ್ಲ. ತಂದೆಯವರಾದರೋ ಹೊರಗಿನ ಅಂಗಳದ ಹಸುರು ಹಾಸನ್ನೂ ಹೂಗಿಡಗಳನ್ನೂ ದಿಟ್ಟಿಸಿ, ತೇವವನ್ನು ಪರೀಕ್ಷಿಸಲು ಬಗ್ಗಿ ಮಣ್ಣನ್ನು ಮುಟ್ಟಿ, "ಇಷ್ಟಕ್ಕೆಲ್ಲ ನೀರು ಎಲ್ಲಿಂದ ಮಾರಾಯ?" ಎಂದರು.

ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಮನೆಯ ನಳ್ಳಿಯಲ್ಲಿ ಬರುವುದು ಸಮುದ್ರದ ನೀರೇ, ಉಪ್ಪನ್ನು ತೆಗೆದು ಕಳುಹಿಸುತ್ತಾರೆ, ಇಲ್ಲಿಯ ಘುಬ್ರಾ ಎಂಬಲ್ಲಿ 1970ರ ದಶಕದಲ್ಲಿಯೇ ಅದರ ಸ್ಥಾವರವು ಆರಂಭವಾಯಿತು ಎಂದು ನಾನು ಹೇಳಿದಾಗ, ಇಬ್ಬರೂ ಲೋಟವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ತಾಯಿಯವರು ರುಚಿ ನೋಡಿ ಚಪ್ಪೆಯೆಂದರು. ತಂದೆಯವರು, ಎಣ್ಣೆ ಸಿಕ್ಕುವ ಮೊದಲು ಈ ಊರಿನವರು ಏನು ಕುಡಿಯುತ್ತಿದ್ದರೆಂದು ಕೇಳಿದರು.

ಮತ್ರಾದ ಕಡಲಂಚಿನ ಪೇಟೆಯಲ್ಲಿ ಮಾತ್ರ ನನ್ನ ಮಧ್ಯಸ್ಥಿಕೆಯ ಅಗತ್ಯವೇ ಬೀಳಲಿಲ್ಲ. ಕಾಸರಗೋಡಿನ ಗಡಿಯಲ್ಲಿ ಹುಟ್ಟಿಬೆಳೆದವರಿಗೆ ಮನೆಯ ಹವ್ಯಕ ಭಾಷೆಯಲ್ಲದೆ ತುಳುವೂ ಮಲಯಾಳವೂ ಹುಟ್ಟಿನಿಂದಲೇ ಬರುತ್ತವೆ. ಚಹಾದ ಅಂಗಡಿಯಿಂದ ಬಟ್ಟೆಯ ಅಂಗಡಿಯವರೆಗೆ ಎಲ್ಲೆಲ್ಲಿಯೂ ಮಲಯಾಳಿಗಳೇ ತುಂಬಿರುವ ಆ ಬೀದಿಗಳಲ್ಲಿ, ಕಚೇರಿಯ ಇಂಗ್ಲಿಷಿನಲ್ಲಿಯೂ ಮುರುಕು ಅರಬ್ಬಿಯಲ್ಲಿಯೂ ಇಷ್ಟು ವರ್ಷ ಕಾಲಹಾಕಿದ ನನಗಿಂತ ಹೆಚ್ಚಿನ ಸ್ನೇಹಿತರನ್ನು ತಂದೆಯವರು ಒಂದೇ ಸಂಜೆಯಲ್ಲಿ ಸಂಪಾದಿಸಿದರು. ಮಂಜೇಶ್ವರದ ಕಡೆಯ ಅಂಗಡಿಯವನೊಬ್ಬನು ಕುರ್ಚಿ ಹಾಕಿ ಕೂರಿಸಿ ಅಡಿಕೆಯ ಧಾರಣೆಯನ್ನು ವಿಚಾರಿಸಿದನು. ಇತ್ತ ತಾಯಿಯವರು ಲುಬಾನದ ಅಂಗಡಿಯಲ್ಲಿ ನಿಂತರು. ಒಮಾನಿನ ದಕ್ಷಿಣದ ಧೋಫಾರ್ ಪ್ರಾಂತದಲ್ಲಿ ಮರದ ತೊಗಟೆಯನ್ನು ಕೆತ್ತಿ, ಒಸರಿದ ಹಾಲು ಗಟ್ಟಿಯಾದ ಮೇಲೆ ಕೆರೆದು ತೆಗೆಯುವ ಈ ಧೂಪದಲ್ಲಿ ಹಲವು ದರ್ಜೆಗಳಿದ್ದು, ತುಸು ಹಸುರು ಛಾಯೆಯ ಬಿಳಿಯ ಹೋಜರಿಯೇ ಶ್ರೇಷ್ಠವೆಂದು ಪ್ರಸಿದ್ಧಿ. ನಮ್ಮ ಘಟ್ಟದ ಹಾಲುಮಡ್ಡಿಯನ್ನು ಸಣ್ಣಂದಿನಿಂದ ಬಲ್ಲ ಅವರು ಮಾರುವವನ ಮಾತಿಗೆ ಕಿವಿಗೊಡದೆ, ಹರಳುಗಳನ್ನು ಬೆಳಕಿಗೆ ಹಿಡಿದು, ಮೂಸಿ, ಮೊದಲಿಗೇ ಸರಿಯಾದುದನ್ನು ಆರಿಸಿದರು. ಅಂದು ಮಾತ್ರ ಗುಣಾಕಾರ ನಡೆಯಲಿಲ್ಲ.

ಹಳೆಯ ಮಸ್ಕತ್ತಿನ ಜಲಾಲಿ, ಮಿರಾನಿ ಕೋಟೆಗಳನ್ನು ನಾವು ಕೆಳಗಿನಿಂದಲೇ ನೋಡಿದೆವು. ತಂದೆಯವರ ಮೊಣಗಂಟು ಮೆಟ್ಟಿಲುಗಳ ವಿಷಯದಲ್ಲಿ ಉದಾರವಾಗಿಲ್ಲ. ಕೋಟೆಯ ನೆರಳಿನಲ್ಲಿ ಕುಳಿತು ನಾನು ಹೇಳಿದ ಕಥೆ ಅವರಿಗೆ ಹಿಡಿಸಿತು: ಪೋರ್ತುಗೀಸರು ಈ ಬಂದರನ್ನು 1507ರಲ್ಲಿ ಹಿಡಿದುದು, 1650ರಲ್ಲಿ ಒಮಾನಿಗಳು ಅವರನ್ನು ಓಡಿಸಿದುದು, ಅದಾದ ಕೆಲವೇ ವರ್ಷಗಳೊಳಗೆ ನಮ್ಮಲ್ಲಿ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿಗಳಿಂದ ಅದೇ ಪರಂಗಿಗಳನ್ನು ಹೊರದೂಡಿದುದು. ಬೆಳೆಯಿಲ್ಲದ ಈ ಬಂದರಿನ ಅನ್ನದ ಬಟ್ಟಲನ್ನು ತುಂಬುತ್ತಿದ್ದುದು ಬಹುಮಟ್ಟಿಗೆ ಮಂಗಳೂರು-ಬಸರೂರುಗಳ ಅಕ್ಕಿಯೇ. ಮುಂದೆ ಟಿಪ್ಪು ಸುಲ್ತಾನನು ಇಲ್ಲಿ ವ್ಯಾಪಾರದ ಕೋಠಿಯನ್ನೇ ಸ್ಥಾಪಿಸಿ, ಗಂಧ, ಮೆಣಸು, ಏಲಕ್ಕಿಗಳನ್ನು ಮಾರಿಸುತ್ತಿದ್ದನು; ಕೋಠಿಯ ದರೋಗನಾದ ಮೀರ್ ಕಾಜಿಂ ಎಂಬವನಿಗೆ ರೇಷ್ಮೆಹುಳುಗಳನ್ನೂ ಅವುಗಳನ್ನು ಸಾಕಬಲ್ಲ ಜನರನ್ನೂ ಕಳುಹಿಸೆಂದು ಅವನು ಬರೆಸಿದ ಕಾಗದಗಳು ಉಳಿದುಬಂದಿವೆ. ಮಗನು ದೂರದೇಶಕ್ಕೆ ಹೋದನೆಂದು ಬಹುಕಾಲ ಕೊರಗಿದ್ದ ತಾಯಿಯವರು ಇದನ್ನೆಲ್ಲ ಕೇಳಿ, ಅಕ್ಕಿಯೇ ಬಂದ ದಾರಿಯಾದರೆ ಅಷ್ಟೇನೂ ದೂರವಲ್ಲವೆಂದು ನಿರ್ಣಯಿಸಿದರು. ಅಲ್ಲಿಂದ ಅನತಿದೂರದಲ್ಲಿರುವ ಮೋತೀಶ್ವರ ಶಿವಾಲಯದಲ್ಲಿ ಕಛ್‌-ಗುಜರಾತಿನ ವರ್ತಕರ ನಡುವೆ ಅವರು ಮಾಡಿದ ಪ್ರದಕ್ಷಿಣೆಗೆ ಹೊಸ ಊರಿನ ಅಳುಕೇನೂ ಇರಲಿಲ್ಲ.

ಅಲ್ ಬುಸ್ತಾನಿನ ವೃತ್ತದಲ್ಲಿ ಸೋಹಾರ್ ಎಂಬ ಹಾಯಿಹಡಗನ್ನು ನಿಲ್ಲಿಸಿದ್ದಾರೆ. ಟಿಮ್ ಸೆವೆರಿನ್ ಎಂಬ ಸಾಹಸಿಯು 1980ರಲ್ಲಿ ಮಸ್ಕತ್ತಿನಿಂದ ಚೀನಕ್ಕೆ ಹೊರಟುದು ಇದರಲ್ಲಿಯೇ. ನೂರಾರು ಸಲ ಆ ವೃತ್ತವನ್ನು ಸುತ್ತಿದ ನನಗೆ ಅದೊಂದು ದಾರಿಗುರುತಾಗಿತ್ತಷ್ಟೆ. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆಂದು ತಿಳಿದು ತಂದೆಯವರು ಹತ್ತಿರ ಹೋಗಿ ನೋಡಿ, ಮರ ಯಾವುದೆಂದು ಕೇಳಿದರು. ಮಲಬಾರಿನಿಂದ ತರಿಸಿದ ಆಯಿನಿ ಎಂದೆ. "ಹಾಗಾದರೆ ನಮ್ಮ ಹೆಬ್ಬಲಸು" ಎಂದು ಅವರು ಹೇಳಿದಾಗ, ಮನೆಯ ಹಟ್ಟಿಯ ಹಿಂದಿನ ಮರ ನನಗೆ ನೆನಪಾಯಿತು.

ಮಸ್ಕತ್ತಿನಿಂದ ಒಳನಾಡಿನತ್ತ ಒಂದೂವರೆ ಗಂಟೆಯ ದಾರಿ ನಿಜ್ವಾ ಪಟ್ಟಣ. ಅಲ್ಲಿಯ ದೊಡ್ಡ ಕೋಟೆಯನ್ನೂ ಶುಕ್ರವಾರದ ಆಡಿನ ಸಂತೆಯನ್ನೂ ನೋಡಲು ಜನರು ಹೋಗುತ್ತಾರೆ. ನಾವು ಹೋದುದು ತಂದೆಯವರ ಪ್ರಶ್ನೆಗೆ ಉತ್ತರವನ್ನು ತೋರಿಸಲು. ಪಟ್ಟಣದ ಹೊರವಲಯದಲ್ಲಿ ಖರ್ಜೂರದ ತೋಟಗಳಿಗೆ ಹರಿಯುವ ಫಲಜ್ ದಾರಿಸ್ ಎಂಬ ಕಾಲುವೆಯಿದೆ. ಬೆಟ್ಟದ ಬುಡದಲ್ಲಿ ತಾಯಿಬಾವಿಯೊಂದನ್ನು ತೋಡಿ, ನೀರು ಸಿಕ್ಕಿದ ಆಳದಿಂದ ನೆಲದೊಳಗೇ ಸುರಂಗವನ್ನು ಕೊರೆದು, ಕೇವಲ ಇಳಿಜಾರಿನ ಬಲದಿಂದ ನೀರನ್ನು ಊರಿಗೆ ತರುವ ಇಂಥ ಫಲಜುಗಳು ಒಮಾನಿನಲ್ಲಿ ಸುಮಾರು ಮೂರು ಸಾವಿರ ಈಗಲೂ ನಡೆಯುತ್ತಿವೆ. ದಾರಿಸವೂ ಸೇರಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆಯ ಕಟ್ಟೆಯ ಮೇಲೆ ಕುಳಿತು ತಂದೆಯವರು ಪಾದಗಳನ್ನು ನೀರಿಗಿಳಿಸಿದರು. ನನ್ನ ವಿವರಣೆಯು ಅರ್ಧಕ್ಕೆ ಬರುವಷ್ಟರಲ್ಲಿ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿ, ತಾವೇ ತಾಯಿಯವರಿಗೆ ವಿವರಿಸತೊಡಗಿದರು.

ನಮ್ಮ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುರಕಲ್ಲಿನ ಗುಡ್ಡದ ಮಗ್ಗುಲಿಗೆ ಅಡ್ಡವಾಗಿ, ಒಬ್ಬನು ಬಗ್ಗಿ ನಡೆಯುವಷ್ಟು ಎತ್ತರಕ್ಕೆ ಸುರಂಗವನ್ನು ಕೊರೆದು, ಒಸರುವ ನೀರನ್ನು ಅಡಿಕೆಮರದ ದಂಬೆಗಳಲ್ಲಿ ಕೆರೆಗೆ ಇಳಿಸಿ ತೋಟವನ್ನು ಬದುಕಿಸಿಕೊಂಡವರು ನಾವು. ಪಿಕ್ಕಾಸಿನಿಂದ ಕೊರೆಯುವವನೊಬ್ಬ, ಹೆಡಗೆಯಲ್ಲಿ ಮಣ್ಣನ್ನು ಎಳೆಯುವವನೊಬ್ಬ, ನಡುವೆ ಉರಿಯುವ ಮೊಂಬತ್ತಿ. ಅದು ನಂದಿದರೆ ಒಳಗೆ ಉಸಿರಿಗೆ ಗಾಳಿ ಸಾಲದೆಂದು ಹೊರಗೆ ಬರತಕ್ಕದ್ದು. ಯೌವನದಲ್ಲಿ ತಂದೆಯವರು ಸ್ವತಃ ಮಣ್ಣೆಳೆದವರು. ಈ ವಿದ್ಯೆಯು ಅರಬ್ಬೀ-ಪಾರಸೀ ನಾವಿಕರ ಸಂಪರ್ಕದಿಂದ ನಮ್ಮ ಕಡೆಗೆ ಬಂದಿರಬಹುದೆಂದು ಊಹಿಸಿದ ವಿದ್ವಾಂಸರೂ ಉಂಟು. ಅದು ಊಹೆಯೇ ಹೊರತು ಸಿದ್ಧಾಂತವಲ್ಲ. ತಂದೆಯವರಿಗೆ ಪ್ರಮಾಣ ಬೇಕಿರಲಿಲ್ಲ. ಕಾಲುವೆಯ ನೀರು ಹೊಗುವ ತೋಟವೊಂದರ ಒಡೆಯರಾದ ವೃದ್ಧ ಒಮಾನಿಯೊಬ್ಬರು ಅತ್ತ ಬಂದಾಗ, ನನ್ನನ್ನು ದುಭಾಷಿಯಾಗಿರಿಸಿಕೊಂಡು ತಂದೆಯವರು ಪ್ರಶ್ನೆಗಳ ಸುರಿಮಳೆಯನ್ನೇ ಸುರಿಸಿದರು. ನನ್ನ ಅರಬ್ಬಿಗೆ ಅಂಥ ಪರೀಕ್ಷೆ ಹಿಂದೆಂದೂ ಬಂದಿರಲಿಲ್ಲ.

ಫಲಜುಗಳನ್ನು ಮೊದಲು ತೋಡಿಸಿದವನು ದಾವೂದನ ಮಗನಾದ ಸುಲೈಮಾನನು, ತೋಡಿದವರು ಅವನ ಅಧೀನದಲ್ಲಿದ್ದ ಜಿನ್ನುಗಳು ಎಂಬ ಐತಿಹ್ಯದಿಂದ ಆರಂಭವಾದ ಸಂಭಾಷಣೆ ಬೇಗನೆ ಕಾರ್ಯದ ಮಾತಿಗೆ ಇಳಿಯಿತು. ನೀರಿನ ಮೊದಲ ಹಕ್ಕು ಕುಡಿಯುವವರದು, ಅನಂತರ ಮಸೀದಿ, ಸ್ನಾನಗಳದು, ಕೊನೆಯದು ತೋಟದ್ದು. ತೋಟದ ಪಾಳಿಯನ್ನು ಅಳೆಯುವುದು ಕಾಲದಿಂದ. ಸುಮಾರು ಅರ್ಧ ಗಂಟೆಯ ಹರಿವಿಗೆ ಅಸರ್ ಎಂದು ಹೆಸರು. ಗಡಿಯಾರ ಬರುವ ಮೊದಲು ಹಗಲಿನಲ್ಲಿ ನೆಟ್ಟ ಕೋಲಿನ ನೆರಳಿನಿಂದ, ರಾತ್ರಿಯಲ್ಲಿ ನಕ್ಷತ್ರಗಳಿಂದ ಅದನ್ನು ಗೊತ್ತುಮಾಡುತ್ತಿದ್ದರು. ಇವೆಲ್ಲವನ್ನೂ ತಲೆದೂಗುತ್ತ ಕೇಳಿದ ತಂದೆಯವರು ಕೊನೆಗೆ, ಸುರಂಗವು ಕುಸಿದರೆ ರಿಪೇರಿಯ ಖರ್ಚು ಯಾರದೆಂದು ಕೇಳಿದರು. ಆ ಒಮಾನಿ ಹಿರಿಯರು ನಕ್ಕು ಹೇಳಿದುದಿಷ್ಟು: ಕೆಲವು ಪಾಳಿಗಳು ಯಾರವೂ ಅಲ್ಲ, ಫಲಜಿನವೇ, ಅವನ್ನು ಬೇಕಾದವರಿಗೆ ಹರಾಜಿನಲ್ಲಿ ಕೊಟ್ಟು, ಬಂದ ಹಣದಿಂದ ಹೂಳೆತ್ತಿಸುತ್ತಾರೆ, ಗೋಡೆ ಕಟ್ಟಿಸುತ್ತಾರೆ, ಇವನ್ನೆಲ್ಲ ನೋಡಿಕೊಳ್ಳಲು ವಕೀಲನೆಂಬ ಮೇಲ್ವಿಚಾರಕನೊಬ್ಬನಿದ್ದಾನೆ. ನೀರೇ ತನ್ನ ಖರ್ಚನ್ನು ತಾನು ದುಡಿದುಕೊಳ್ಳುವ ಈ ಏರ್ಪಾಟು ತಂದೆಯವರ ಮೇಲೆ ಮಾಡಿದ ಪರಿಣಾಮವನ್ನು ಮಹಾಮಸೀದಿಯ ತೂಗುದೀಪವು ಮಾಡಿರಲಿಲ್ಲ. ಆ ಹಿರಿಯರು ಕೊಟ್ಟ ಖರ್ಜೂರವನ್ನೂ ಕಹ್ವಾ ಎಂಬ ಕಾಫಿಯನ್ನೂ ಸ್ವೀಕರಿಸಿ, ತಂದೆಯವರು ಪ್ರತಿಯಾಗಿ ತಮ್ಮ ಸಂಚಿಯಿಂದ ಒಂದು ಅಡಿಕೆಯನ್ನು ತೆಗೆದು ಅವರ ಅಂಗೈಯಲ್ಲಿರಿಸಿದರು. ಅದನ್ನೇನು ಮಾಡಬೇಕೆಂದು ತಿಳಿಯದೆ ಆ ಮಹನೀಯರು ಜೇಬಿಗಿಳಿಸಿದರು.

ಆ ಮೇಲೆ ಕಡಲತೀರ, ದೊಡ್ಡ ಅಂಗಡಿ, ಮರಳುಗಾಡು ಎಲ್ಲವೂ ಆದವು. ಅವುಗಳ ವಿಷಯದಲ್ಲಿ ಹೇಳುವಂಥದು ಹೆಚ್ಚಿಲ್ಲ.

ನಮ್ಮೂರಿನ ತೋಡಿಗೆ ಪ್ರತಿವರ್ಷ ನಾಲ್ಕಾರು ಮನೆಯವರು ಕೂಡಿ, ನೀರನ್ನು ನಿಲ್ಲಿಸಲು ಕಟ್ಟ ಕಟ್ಟುವ ವಾಡಿಕೆಯಿತ್ತು. ಮನೆಮನೆಗೂ ಬೋರು ಬಂದ ಮೇಲೆ ಅದು ನಿಂತುಹೋಗಿ, ಕಟ್ಟದ ಆಸರೆಯಲ್ಲಿದ್ದ ಸುರಂಗಗಳೂ ಬಡವಾದವು. ಊರಿಗೆ ಮರಳಿದ ತಂದೆಯವರು ಮೂರನೆಯ ಕೊಯ್ಲು ಮುಗಿದೊಡನೆ ನೆರೆಯವರನ್ನು ಜಗಲಿಯಲ್ಲಿ ಸೇರಿಸಿ, ಕಟ್ಟವನ್ನು ಮತ್ತೆ ಕಟ್ಟಬೇಕೆಂದೂ, ವಾರದಲ್ಲಿ ಒಂದು ಪಾಳಿಯನ್ನು ಯಾರಿಗೂ ಸೇರದಂತೆ ಪ್ರತ್ಯೇಕಿಸಿ, ಬೇಕಾದವರು ಹಣ ಕೊಟ್ಟು ಪಡೆಯುವಂತೆ ಮಾಡಿ, ಆ ಹಣವನ್ನು ಕಟ್ಟದ ಖರ್ಚಿಗೆ ಇಡಬೇಕೆಂದೂ ಪ್ರಸ್ತಾಪಿಸಿದ್ದಾರೆ. ಇಬ್ಬರು ಒಪ್ಪಿದ್ದಾರಂತೆ. ಮೂರನೆಯವರು ಬೋರಿರುವಾಗ ಕಟ್ಟವೇಕೆಂದು ವಾದಿಸಿ, ಬಳಿಕ ತುಸು ಮೆತ್ತಗಾಗಿ, ಈ ವರ್ಷದ ಅಡಿಕೆಯ ಧಾರಣೆಯನ್ನು ನೋಡಿಕೊಂಡು ಹೇಳುತ್ತೇನೆಂದಿದ್ದಾರಂತೆ.