ಗಣಕಯಂತ್ರದ ಸಂಧಿಕಾರ್ಯ: ಅಲ್ಪ ಸ್ಮೃತಿಯಲ್ಲಿ ಬೃಹತ್ ತಂತ್ರಾಂಶದ ಜೋಡಣೆ

ಕನ್ನಡ ವ್ಯಾಕರಣವನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಗೆ ಸಂಧಿಯು ಹೊಸದಲ್ಲ. ‘ಆಲೂರು’ ಎಂಬುದಕ್ಕೆ ‘ಅಲ್ಲಿ’ ಸೇರಿದಾಗ ಉಕಾರವು ಲೋಪವಾಗಿ ‘ಆಲೂರಲ್ಲಿ’ ಆಗುತ್ತದೆ. ‘ಮಳೆ’ಗೆ ‘ಕಾಲ’ ಸೇರಿದಾಗ ಕಕಾರಕ್ಕೆ ಗಕಾರವು ಆದೇಶವಾಗಿ ‘ಮಳೆಗಾಲ’ ಆಗುತ್ತದೆ. ತಂತ್ರಾಂಶ ರಚನೆಯಲ್ಲಿಯೂ ಇಂಥದೊಂದು ಸಂಧಿಕಾರ್ಯವುಂಟು. ಅದನ್ನು ನೆರವೇರಿಸುವ ಸಾಧನವೇ ಲಿಂಕರ್. ಬೃಹತ್ ತಂತ್ರಾಂಶಗಳ ಮೂಲವು ಇಂದು ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿದ್ದರೂ, ಸಾಧಾರಣ ಯಂತ್ರವುಳ್ಳ ವಿದ್ಯಾರ್ಥಿ ಈ ಹಂತದಲ್ಲಿಯೇ ಎಡವಿ ಹಿಂದೆ ಸರಿಯುವುದುಂಟು. ಆದುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಲಿಂಕರಿನ ಕಾರ್ಯ

ಕಂಪೈಲರ್ ಪ್ರತಿಯೊಂದು ಮೂಲ ಕಡತವನ್ನೂ ಬೇರೆಬೇರೆಯಾಗಿ ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಬೇರೆ ಕಡತದಲ್ಲಿರುವ ಕಾರ್ಯಗಳ ವಿಳಾಸ ಅದಕ್ಕೆ ತಿಳಿಯದು. ಹೆಸರನ್ನು ಮಾತ್ರ ಬರೆದು ಸ್ಥಳವನ್ನು ತೆರವಾಗಿಡುತ್ತದೆ. ಲಿಂಕರ್ ಎಲ್ಲ ಕಡತಗಳ ನಾಮಪಟ್ಟಿಗಳನ್ನು ಓದಿ, ವಿಳಾಸಗಳನ್ನು ನಿಶ್ಚಯಿಸಿ, ಆ ತೆರವುಗಳನ್ನು ತುಂಬುತ್ತದೆ. ಒಂದೇ ವೇಳೆ ಎಲ್ಲವೂ ಅದರ ಕಣ್ಣ ಮುಂದಿರಬೇಕಾದುದರಿಂದ ಸ್ಮೃತಿಯ ಬಳಕೆ ಹೆಚ್ಚುತ್ತದೆ. ದೋಷಶೋಧನೆಗಾಗಿ ಸೇರಿಸಿದ ಮಾಹಿತಿಯಂತೂ ಎಷ್ಟೋ ವೇಳೆ ಮೂಲ ಕಾರ್ಯಭಾಗಕ್ಕಿಂತ ದೊಡ್ಡದಾಗಿರುತ್ತದೆ.

ಸ್ಮೃತಿ ಸಾಲದಾದಾಗ ಯಂತ್ರವು ಡಿಸ್ಕನ್ನು ಆಶ್ರಯಿಸಿ ತೀರ ನಿಧಾನವಾಗುತ್ತದೆ; ಲಿನಕ್ಸ್ ವ್ಯವಸ್ಥೆಯಾದರೆ ಕೊನೆಗೆ ಲಿಂಕರನ್ನೇ ಕೊಂದುಹಾಕಬಹುದು. ‘ಸಿಗ್ನಲ್ 9’ ಎಂಬ ಸೂಚನೆ ಕಂಡರೆ ಮೊದಲು ಶಂಕಿಸಬೇಕಾದುದು ಇದನ್ನೇ. ದೊಡ್ಡವರಿಗೂ ಈ ತೊಡಕು ತಪ್ಪಿಲ್ಲ. 2011ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸನ್ನು ವಿಂಡೋಸ್‌ಗಾಗಿ ಜೋಡಿಸುವಾಗ 32 ಬಿಟ್ ಲಿಂಕರ್ 3 ಗಿಗಾಬೈಟ್‌ಗಳ ಮೇರೆಯನ್ನು ಮುಟ್ಟಿತು. ಹೊಸ ಬದಲಾವಣೆಗಳ ಸ್ವೀಕಾರವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಪರಿಹಾರೋಪಾಯಗಳು

1. ಏಕಕಾಲದ ಜೋಡಣೆಗಳನ್ನು ಮಿತಿಗೊಳಿಸುವುದು. ಒಂದು ಜೋಡಣೆಗೆ 3 ಗಿಗಾಬೈಟ್ ಬೇಕೆಂದು ಭಾವಿಸೋಣ. ಎಂಟು ಜೋಡಣೆಗಳು ಒಟ್ಟಿಗೆ ನಡೆದರೆ 24 ಬೇಕು. ಒಂದಾದ ಮೇಲೊಂದು ನಡೆದರೆ 3 ಸಾಕು. ಎಲ್‌ಎಲ್‌ವಿಎಂ ಎಂಬ ಬೃಹತ್ ಯೋಜನೆಯಲ್ಲಿ ಇದಕ್ಕೆಂದೇ ‘ಪ್ಯಾರಲಲ್ ಲಿಂಕ್ ಜಾಬ್ಸ್’ ಎಂಬ ನಿಯಂತ್ರಣವಿದೆ. ಕಂಪೈಲರಿನ ಕೆಲಸ ಮಾತ್ರ ಎಂದಿನಂತೆ ಸಮಾನಾಂತರವಾಗಿ ಸಾಗಬಹುದು.

2. ದೋಷಶೋಧನ ಮಾಹಿತಿಯನ್ನು ಬಿಡುವುದು, ಇಲ್ಲವೆ ‘ಸ್ಪ್ಲಿಟ್ ಡ್ವಾರ್ಫ್’ ವಿಧಾನದಿಂದ ಪ್ರತ್ಯೇಕ ಕಡತದಲ್ಲಿಡುವುದು. ಆಗ ಅದರ ಬಹುಭಾಗವನ್ನು ಲಿಂಕರ್ ಓದಬೇಕಾಗಿಲ್ಲ.

3. ಹಂಚಿಕೆಯ ಗ್ರಂಥಾಲಯಗಳನ್ನು ಬಳಸುವುದು. ಒಂದೇ ಭಾಗವನ್ನು ಪ್ರತಿಯೊಂದು ಉಪಕರಣದೊಳಗೂ ಮರಳಿ ಮರಳಿ ಜೋಡಿಸುವ ಹೊರೆ ಇದರಿಂದ ತಪ್ಪುತ್ತದೆ.

4. ಲಿಂಕರಿನ ಆಯ್ಕೆ. ಗ್ನೂ ಲಿಂಕರ್ ನಾಮಪಟ್ಟಿಗಳನ್ನು ಸ್ಮೃತಿಯಲ್ಲಿಯೇ ಉಳಿಸಿಕೊಳ್ಳುತ್ತದೆ. ‘ನೋ ಕೀಪ್ ಮೆಮೊರಿ’ ಎಂಬ ಸೂಚನೆಯಿತ್ತರೆ ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಸ್ಮೃತಿ ಉಳಿಯುತ್ತದೆ, ವೇಳೆ ಹೆಚ್ಚು ಹಿಡಿಯುತ್ತದೆ. ಎಲ್‌ಎಲ್‌ಡಿ ಎಂಬ ಹೊಸ ಲಿಂಕರನ್ನೂ ಪ್ರಯತ್ನಿಸಿ ನೋಡಬಹುದು.

ಇವುಗಳಲ್ಲಿ ಮೊದಲನೆಯದನ್ನೇ ಮೊದಲು ಮಾಡಬೇಕೆಂದು ನನ್ನ ಸಲಹೆ. ಅದಕ್ಕೆ ಖರ್ಚಿಲ್ಲ, ಸಿದ್ಧವಾಗುವ ತಂತ್ರಾಂಶದಲ್ಲಿಯೂ ಏನೊಂದು ಬದಲಾವಣೆಯಾಗದು. ತೆರಬೇಕಾದ ಬೆಲೆ ಕೊಂಚ ತಾಳ್ಮೆ ಮಾತ್ರ.

ನಮ್ಮ ಆಲೂರು ಸೀಮೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯವನ್ನು ಸೇರಿತು. ಇಲ್ಲಿ ಕನ್ನಡದಲ್ಲಿ ಓದಿದ ಮಕ್ಕಳು ಇಂಥ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿಯೇ ಆಲೋಚಿಸಬಲ್ಲರು. ಯಂತ್ರ ಚಿಕ್ಕದೆಂದು, ಊರು ಚಿಕ್ಕದೆಂದು ಅವರು ಹಿಂಜರಿಯಬೇಕಾಗಿಲ್ಲ. ಕೆಲಸವನ್ನು ಅರಿತು ಸರದಿಯಲ್ಲಿ ಮಾಡಿದರೆ ಇರುವ ಯಂತ್ರದಲ್ಲಿಯೇ ದೊಡ್ಡದನ್ನು ಕಟ್ಟಬಹುದು.