ಮಲೆನಾಡಿನ ಬೇಸಾಯವೂ ಕಾಡುಪ್ರಾಣಿಗಳ ಕಾಟವೂ

ಬಿತ್ತುವವನ ಕಷ್ಟವು ಬಿತ್ತನೆಯೊಡನೆ ಮುಗಿಯುವುದಿಲ್ಲ. ಬೆಳೆ ಕೈಸೇರಿ ಕಣಜ ತುಂಬುವವರೆಗೂ ಕಾವಲಿನ ಚಿಂತೆ ಅವನ ಬೆನ್ನು ಬಿಡದು. ಬಯಲುಸೀಮೆಯ ರೈತನು ಮುಗಿಲನ್ನು ನೋಡಿ ನಿಟ್ಟುಸಿರು ಬಿಡುವನಾದರೆ, ಮಲೆನಾಡಿನ ರೈತನು ಮುಗಿಲಿನೊಡನೆ ಕಾಡನ್ನೂ ನೋಡಬೇಕಾಗಿದೆ. ಕೋಣಂದೂರಿನ ಆಸುಪಾಸಿನಲ್ಲಾಗಲಿ, ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಇತರ ಎಡೆಗಳಲ್ಲಾಗಲಿ ಎಷ್ಟೋ ಮನೆಗಳು ತಮ್ಮ ತಮ್ಮ ತೋಟದ ತಲೆಯಲ್ಲಿ, ಗುಡ್ಡದ ಬುಡದಲ್ಲಿ ಒಂಟಿಯಾಗಿ ನಿಂತಿವೆ. ಕಣಿವೆಯಲ್ಲಿ ಅಡಿಕೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಹಳು. ಇವುಗಳ ನಡುವೆ ಗೆರೆ ಎಳೆದವರು ಮನುಷ್ಯರು. ಆ ಗೆರೆಯನ್ನು ಓದಬಲ್ಲ ಪ್ರಾಣಿ ಯಾವುದೂ ಇಲ್ಲ. ಹಗಲು ಮಂಗಗಳು, ಇರುಳು ಕಾಡುಹಂದಿಗಳು, ಒಮ್ಮೊಮ್ಮೆ ಅಂಗಳದ ನಾಯಿಗಾಗಿ ಬರುವ ಚಿರತೆ – ಇವುಗಳಿಂದ ಬೆಳೆಯನ್ನೂ ಜೀವವನ್ನೂ ಕಾಪಾಡಿಕೊಳ್ಳುವ ಬಗೆ ಯಾವುದು? ಈ ಪ್ರಶ್ನೆಯನ್ನು ಕೋಪದಿಂದಲ್ಲದೆ ವಿವೇಕದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಹಿಂದಿನವರ ಕಾವಲು

ಈ ಸಮಸ್ಯೆ ಹೊಸದಲ್ಲ. ಹಳಗನ್ನಡದಲ್ಲಿ 'ಸೋವು' ಎಂಬ ಧಾತುವೊಂದುಂಟು. ಬೆದರಿಸಿ ಅಟ್ಟು, ಎಬ್ಬಿಸಿ ಓಡಿಸು ಎಂಬುದು ಅದರ ಅರ್ಥ. ಬತ್ತದ ಗದ್ದೆಗೆರಗುವ ಗಿಳಿವಿಂಡನ್ನು ಸೋವುವ ಪಾಮರಿಯರ ಚಿತ್ರ ನಮ್ಮ ಚಂಪೂಕಾವ್ಯಗಳ ನಾಡವರ್ಣನೆಯಲ್ಲಿ ಪರಿಚಿತವಾದುದು. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಸೋವುವುದು ಕೊಲ್ಲುವುದಲ್ಲ; ಬಂದ ಪ್ರಾಣಿಯನ್ನು ಬಂದ ದಾರಿಗೇ ಹಿಂದಿರುಗಿಸುವುದು. ಗದ್ದೆಯ ಮಾಳ, ತಮಟೆ, ಕವಣೆಕಲ್ಲು, ಬೆದರುಗೊಂಬೆ, ತೋಟದ ಸುತ್ತಣ ಅಗಳು – ಇವೆಲ್ಲ ಆ ವಿದ್ಯೆಯ ಉಪಕರಣಗಳು.

ಪ್ರಾಣಿಯ ಬಲವನ್ನು ಹಿಂದಿನವರು ಕಡೆಗಣಿಸಿರಲಿಲ್ಲವೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಸಾಕ್ಷಿ. ಕ್ರಿ.ಶ. 949–50ರ ಈ ಶಾಸನದಲ್ಲಿ ಮಣಲೆರನೆಂಬ ವೀರನ ಪ್ರಸಂಗ ಬರುತ್ತದೆ. ಯುದ್ಧದಲ್ಲಿ ಅವನು ತೋರಿದ ಪರಾಕ್ರಮಕ್ಕೆ ಮೆಚ್ಚಿ ಬೇಡಿದುದನ್ನು ಕೊಡುವೆನೆಂದು ಒಡೆಯನು ನುಡಿದಾಗ, ಅವನು ಬೇಡಿದುದು ಹೊನ್ನನ್ನಲ್ಲ, ಕಾಳಿಯೆಂಬ ನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲಾಯಿತು. ಎರಡೂ ಹೋರಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಈ ಕಲ್ಲು ನಾಯಿಯ ಸ್ವಾಮಿಭಕ್ತಿಯನ್ನು ಹೊಗಳುವಂತೆಯೇ ಹಂದಿಯ ಕೋರೆಯ ಬಲವನ್ನೂ ಸಾರುತ್ತದೆ. ಹಂದಿಗೆ ನಾಯಿಯನ್ನು ಎದುರೊಡ್ಡಿದರೆ ಉಳಿಯುವುದು ಎಷ್ಟೋ ವೇಳೆ ಕಲ್ಲು ಮಾತ್ರ!

ನಾಲೂರಿನ 'ಹುಲಿ'

ಆತಕೂರಿನ ಕಾಳಿ ತೀರಿಹೋದ ಸಾವಿರದ ಎಪ್ಪತ್ತು ವರ್ಷಗಳ ಮೇಲೆ, 2019ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಮತ್ತೊಂದು ನಾಯಿ ನಾಡಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ನಾಲೂರು ಗ್ರಾಮದ ಕೃಷಿಕರೊಬ್ಬರು ಮಂಗಗಳ ಹಾವಳಿಯಿಂದ ಬೇಸತ್ತು, ಮೊದಲು ತೋಟದಲ್ಲಿ ಹುಲಿಯ ಗೊಂಬೆಗಳನ್ನಿಟ್ಟು ನೋಡಿದರು. ಮಂಗಗಳು ಅಂಜಿದವು. ಆದರೆ ಬಿಸಿಲಿಗೆ ಗೊಂಬೆಯ ಬಣ್ಣ ಬೇಗನೆ ಮಾಸುವುದು ಕಂಡು, ತಮ್ಮ ಸಾಕುನಾಯಿಯ ಮೈಗೇ ಕೂದಲಿಗೆ ಹಚ್ಚುವ ಬಣ್ಣದಿಂದ ಹುಲಿಯ ಪಟ್ಟೆಗಳನ್ನು ಬರೆದರು. ಆ ನಾಯಿಯನ್ನು ತೋಟದಲ್ಲಿ ತಿರುಗಾಡಿಸಿದಾಗ ಮಂಗಗಳು ಓಡಿದವೆಂದು ಅವರು ಹೇಳಿದರು.

ಓದಿದವರು ನಕ್ಕರು. ಆದರೆ ಇದರಲ್ಲಿ ನಗುವಿಗಿಂತ ಹೆಚ್ಚಿನ ವಿಷಯವಿದೆ. ದಕ್ಷಿಣ ಭಾರತದ ಕೆಂಪು ಮಂಗಗಳಿಗೆ ಚಿರತೆಯ ಪ್ರತಿಕೃತಿಯನ್ನು ತೋರಿಸಿ ವಿಜ್ಞಾನಿಗಳು ಪರೀಕ್ಷೆ ನಡೆಸಿದ್ದಾರೆ. ಚಿರತೆಯೇ ಇಲ್ಲದ ನಗರದಲ್ಲಿ ಬೆಳೆದ ಮಂಗಗಳು ಕೂಡ ಚುಕ್ಕೆಯ ಮೈಯನ್ನು ಕಂಡೊಡನೆ ಕೂಗಿ ಓಡಿದವು. ತಲೆಮಾರುಗಳಿಂದ ಬಂದ ಭಯವು ರಕ್ತದಲ್ಲಿಯೇ ಇರುವುದೆಂದು ಇದರಿಂದ ತಿಳಿಯುತ್ತದೆ. ನಾಲೂರಿನ ಕೃಷಿಕರು ಮಂಗದ ಕಣ್ಣಿನಿಂದ ತೋಟವನ್ನು ನೋಡಿದರು. ಅಲ್ಲಿಯೇ ಅವರ ಜಾಣತನವಿರುವುದು.

ಆದರೂ ಪಂಚತಂತ್ರದಲ್ಲಿ ಹುಲಿಯ ತೊಗಲು ಹೊದ್ದ ಕತ್ತೆಯ ಕಥೆಯನ್ನು ಮರೆಯಲಾಗದು. ಅಗಸನು ಹೊದಿಸಿದ ತೊಗಲಿನ ಮರೆಯಲ್ಲಿ ಪೈರನ್ನು ಮೇಯುತ್ತಿದ್ದ ಆ ಕತ್ತೆ ಒಮ್ಮೆ ಬಾಯಿಬಿಟ್ಟು ಅರಚಿತು. ಕಾವಲುಗಾರರ ಭಯ ಅಂದಿಗೆ ಹರಿಯಿತು. ಮಂಗವು ಕಾವಲುಗಾರನಿಗಿಂತ ದಡ್ಡನಲ್ಲ. ಒಂದೇ ಗೊಂಬೆ ಒಂದೇ ಎಡೆಯಲ್ಲಿ ನಿಂತಿದ್ದರೆ ಕೆಲವೇ ದಿನಗಳಲ್ಲಿ ಅದು ಗೊಂಬೆಯೆಂಬುದು ಮಂಗಕ್ಕೆ ತಿಳಿಯುತ್ತದೆ. ಗರ್ನಾಲಿನ ಸದ್ದಿಗೂ ಇದೇ ಗತಿ. ಆದ್ದರಿಂದ ಬೆದರಿಸುವ ಉಪಾಯಗಳನ್ನು ದಿನದಿನಕ್ಕೂ ಬದಲಿಸುತ್ತಿರಬೇಕು. ತೋಟಕ್ಕೆ ಬಾಗಿದ ಕಾಡುಮರದ ಕೊಂಬೆಗಳನ್ನು ಸವರಿ ಮಂಗಗಳು ನೆಗೆಯುವ ದಾರಿಯನ್ನು ತಪ್ಪಿಸಬೇಕು. ಎಳೆಯ ಅಡಿಕೆಯನ್ನು ಕಿತ್ತು ರಸ ಹೀರಿ ಚೆಲ್ಲುವ ಹಿಂಡನ್ನು ಅದು ತೋಟಕ್ಕೆ ಇಳಿಯುವ ಮುನ್ನವೇ ತಡೆಯಬೇಕು. ಒಮ್ಮೆ ರುಚಿ ಕಂಡ ಹಿಂಡನ್ನು ಓಡಿಸುವುದು ಇಮ್ಮಡಿ ಕಷ್ಟ. ಹಿಡಿದು ಬೇರೆ ಊರಿನ ಕಾಡಿಗೆ ಬಿಡುವುದಂತೂ ತನ್ನ ಮನೆಯ ಕಸವನ್ನು ನೆರೆಯವನ ಅಂಗಳಕ್ಕೆ ಗುಡಿಸಿದಂತೆ.

ಬೇಲಿಯೇ ಮೃತ್ಯುವಾದಾಗ

ಕಾಡುಹಂದಿಯ ಮಾತು ಬೇರೆ. ಅದು ಇರುಳಿನಲ್ಲಿ ಹಿಂಡಾಗಿ ಬಂದು, ಕೊಯ್ಲಿಗೆ ಬಂದ ಬತ್ತವನ್ನು ತುಳಿದು, ಗೆಣಸಿನ ಪಾತಿಯನ್ನೂ ಅಡಿಕೆಯ ಸಸಿಯ ಬುಡವನ್ನೂ ಉತ್ತುಹಾಕುತ್ತದೆ. ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಹೋದವನ ಸಂಕಟ ಅನುಭವಿಸಿದವನಿಗೇ ಗೊತ್ತು. ಆ ಸಂಕಟದಲ್ಲಿ ಕೆಲವರು ಮನೆಯ ವಿದ್ಯುತ್ತನ್ನೇ ನೇರವಾಗಿ ಬೇಲಿಯ ತಂತಿಗೆ ಹರಿಸುತ್ತಾರೆ, ಉರುಳು ಒಡ್ಡುತ್ತಾರೆ, ಸಿಡಿಮದ್ದಿನ ಉಂಡೆಯನ್ನು ಇಡುತ್ತಾರೆ. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಹಂದಿಗೆಂದು ಕಟ್ಟಿದ ತಂತಿ ಹಂದಿಯನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ಮುಂಜಾನೆ ನೀರು ಕಟ್ಟಲು ಹೋದ ನೆರೆಯವನನ್ನೂ, ಕರು ಹುಡುಕಿಕೊಂಡು ಹೋದ ಬಾಲಕನನ್ನೂ ಅದು ಬಿಡದು. ಮದ್ದಿನುಂಡೆಯಿಂದ ಬಾಯಿ ಸಿಡಿದ ದನ ಮೇವು ತಿನ್ನಲಾಗದೆ ಸಾಯುತ್ತದೆ. ಹಂದಿಯ ಉರುಳಿಗೆ ಚಿರತೆ ಸಿಕ್ಕಿ ನರಳುವುದೂ ಉಂಟು.

ಇದಕ್ಕೆ ಬದಲಾಗಿ ಸೌರಶಕ್ತಿಯ ಬೇಲಿಯಿದೆ. ಅದರ ಯಂತ್ರವು ಸುಮಾರು ಕ್ಷಣಕ್ಕೊಮ್ಮೆ ಅತಿ ಅಲ್ಪಕಾಲದ ಮಿಡಿತವನ್ನು ಮಾತ್ರ ತಂತಿಗೆ ಕಳುಹಿಸುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ ವಿದ್ಯುತ್ತಾದರೋ ಎಡೆಬಿಡದೆ ಹರಿದು, ಹಿಡಿದವನನ್ನು ಬಿಡದೆ ಕೊಲ್ಲುತ್ತದೆ. ಹಂದಿಗಾದರೆ ಕೆಳತಂತಿ ನೆಲಕ್ಕೆ ಹತ್ತಿರವಿರಬೇಕು. ಮಳೆಗಾಲದಲ್ಲಿ ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ಶಕ್ತಿಯೆಲ್ಲ ನೆಲಕ್ಕಿಳಿಯುವುದರಿಂದ ಬೇಲಿಯ ಬುಡವನ್ನು ಆಗಾಗ ಸವರುತ್ತಿರಬೇಕು. ಒಬ್ಬೊಬ್ಬರು ಕಟ್ಟಿದ ಬೇಲಿಗಿಂತ ನಾಲ್ಕಾರು ಮನೆಯವರು ಕೂಡಿ ಇಡೀ ಬಯಲಿಗೆ ಕಟ್ಟಿದ ಬೇಲಿಗೆ ಖರ್ಚೂ ಕಡಿಮೆ, ಫಲವೂ ಹೆಚ್ಚು.

ಕಾನೂನನ್ನೂ ತಿಳಿದಿರಬೇಕು. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲುವುದಕ್ಕೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಮೇಲೆರಗಿದ ಮೃಗದಿಂದ ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಮಾಡಿದ ವಧೆ ಮಾತ್ರ ಅಪರಾಧವಲ್ಲ. ಬೆಳೆ ನಷ್ಟವಾದಾಗ ಅರಣ್ಯ ಇಲಾಖೆಗೆ ತಡಮಾಡದೆ ಅರ್ಜಿ ಸಲ್ಲಿಸಿ ಪರಿಹಾರ ಕೇಳುವುದು ರೈತನ ಹಕ್ಕು.

ಚಿರತೆ ಮತ್ತು ಮಂಗನ ಕಾಯಿಲೆ

ಚಿರತೆ ಊರಿಗೆ ಬರುವುದು ಬಹುಮಟ್ಟಿಗೆ ನಾಯಿ, ಕುರಿ, ಕರುಗಳಿಗಾಗಿ. ನಾಯಿಯನ್ನು ಅಂಗಳದಲ್ಲಿ ಕಟ್ಟಿ ಮಲಗುವುದೆಂದರೆ ಚಿರತೆಗೆ ಎಡೆಯಿಟ್ಟಂತೆ. ಇರುಳಿನಲ್ಲಿ ಸಾಕುಪ್ರಾಣಿಗಳನ್ನು ಮಾಡು, ಬಾಗಿಲು ಎರಡೂ ಭದ್ರವಿರುವ ಕೊಟ್ಟಿಗೆಯಲ್ಲಿ ಕೂಡಬೇಕು. ಮಕ್ಕಳು ಕತ್ತಲಲ್ಲಿ ಒಂಟಿಯಾಗಿ ಹೊರಗೆ ಹೋಗಬಾರದು. ಚಿರತೆ ಕಂಡೊಡನೆ ಬೋನಿಗಾಗಿ ಹಟ ಹಿಡಿಯುವುದೂ ಸರಿಯಲ್ಲ. ಮಹಾರಾಷ್ಟ್ರದ ಜುನ್ನರ ಪ್ರದೇಶದಲ್ಲಿ ಈ ಶತಮಾನದ ಆರಂಭದಲ್ಲಿ ಅನೇಕ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗದೆ ಹೆಚ್ಚಿತೆಂದು ಅಧ್ಯಯನದಿಂದ ತಿಳಿದುಬಂದಿದೆ. ನೆಲೆ ತಪ್ಪಿದ ಮೃಗವು ನೆಲೆಯಲ್ಲಿರುವ ಮೃಗಕ್ಕಿಂತ ಅಪಾಯಕರ.

ಮಂಗನ ವಿಷಯದಲ್ಲಿ ಮತ್ತೊಂದು ಎಚ್ಚರ ಈ ಸೀಮೆಯವರಿಗೆ ಅತ್ಯಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಬೆನ್ನಿಗೇ ಮನುಷ್ಯರೂ ಜ್ವರದಿಂದ ಮಲಗಿದರು. ಉಣುಗುಗಳ ಕಡಿತದಿಂದ ಹರಡುವ ಆ ರೋಗವೇ ಮಂಗನ ಕಾಯಿಲೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಅದು ಹಲವರ ಪ್ರಾಣ ತೆಗೆಯಿತು. ಸತ್ತ ಮಂಗದ ಮೈಯನ್ನು ಬಿಟ್ಟ ಉಣುಗುಗಳು ಸುತ್ತಲೂ ಹರಡುತ್ತವೆ. ಆದುದರಿಂದ ಮಂಗವನ್ನು ಕೊಂದು ತೋಟದಲ್ಲೇ ಎಸೆಯುವವನು ಬೆಳೆಯನ್ನು ಉಳಿಸಿಕೊಳ್ಳಲು ಹೋಗಿ ಜೀವಕ್ಕೇ ಎರವಾದಾನು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಬೇಸಿಗೆಯಲ್ಲಿ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಇಲಾಖೆಯವರು ಕೊಡುವ ಎಣ್ಣೆಯನ್ನು ಹಚ್ಚಿಕೊಂಡು, ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು.

ಉಪಸಂಹಾರ

ಮೇಲಿನ ನಿದರ್ಶನಗಳಿಂದ ತಿಳಿಯುವುದಿಷ್ಟು: ಪ್ರಾಣಿಯ ಸ್ವಭಾವವನ್ನು ಅರಿತವನ ಬೇಲಿ ನಿಲ್ಲುತ್ತದೆ, ಕೋಪದಿಂದ ಕಟ್ಟಿದವನ ಬೇಲಿ ಅವನನ್ನೇ ಸುತ್ತಿಕೊಳ್ಳುತ್ತದೆ. ಈ ಅರಿವನ್ನು ಗಳಿಸುವುದರಲ್ಲಿ ವಿದ್ಯಾರ್ಥಿಗಳೂ ಪಾಲುಗಾರರಾಗಬಹುದು. ತಮ್ಮ ಮನೆಯ ತೋಟಕ್ಕೆ ಯಾವ ಪ್ರಾಣಿ, ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ, ಯಾವ ದಾರಿಯಿಂದ ಬಂದು, ಯಾವ ಬೆಳೆಯನ್ನು ತಿಂದಿತೆಂಬುದನ್ನು ಒಂದು ಪುಸ್ತಕದಲ್ಲಿ ವರ್ಷಪೂರ್ತಿ ಬರೆದಿಡಲಿ. ಬೇಲಿ ಎಲ್ಲಿ ಬೇಕು, ಕಾವಲು ಎಂದು ಬೇಕು ಎಂಬುದಕ್ಕೆ ಆ ಪುಸ್ತಕದಲ್ಲಿಯೇ ಉತ್ತರ ದೊರೆಯುತ್ತದೆ. ಪರಿಹಾರದ ಅರ್ಜಿಗೂ ಅದು ಆಧಾರವಾಗುತ್ತದೆ. ರಾತ್ರಿಯೆಲ್ಲ ಮಾಳದಲ್ಲಿ ಎಚ್ಚರವಿದ್ದು ಮುಂಜಾನೆ ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆಗೆ, ಆ ಮಕ್ಕಳು ಕಲಿತ ಅಕ್ಷರದಿಂದ ಸಲ್ಲಬಹುದಾದ ಸೇವೆ ಇದಕ್ಕಿಂತ ಹಿರಿದಾದುದು ಯಾವುದು?