ವಿಕಿರಣ ಚಿಕಿತ್ಸೆಯ ಕಾಲದಲ್ಲಿ ತುಳಸಿ, ಅರಿಸಿನ ಎಷ್ಟು ಆಸರೆ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಕ್ಯಾನ್ಸರ್ ರೋಗಿಗಳು ವಿಕಿರಣ ಚಿಕಿತ್ಸೆಗೆಂದು ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುವುದುಂಟು. ನಮ್ಮ ಜನ ಇದನ್ನು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಬಾಯಿ, ಗಂಟಲಿಗೆ ಈ ಚಿಕಿತ್ಸೆ ಆರೇಳು ವಾರ ನಡೆಯುವಾಗ ಬಾಯೆಲ್ಲ ಹುಣ್ಣಾಗಿ ಗಂಜಿ ನುಂಗುವುದೂ ಕಷ್ಟ. ಆಗ ಮನೆಯವರು ತುಳಸಿ ಕಷಾಯ, ಅರಿಸಿನದ ಪುಡಿ ಕೊಡಲು ಮುಂದಾಗುತ್ತಾರೆ. ಇದು ಸರಿಯೇ ಎಂಬುದನ್ನು ವಿಚಾರಿಸೋಣ.

ವಿಕಿರಣವು ಜೀವಕೋಶದೊಳಗಿನ ನೀರಿನ ಅಣುಗಳನ್ನು ಒಡೆಯುತ್ತದೆ. ಆಗ ಹುಟ್ಟುವ ಉಗ್ರ ಕಣಗಳು ಕೋಶದ ವಂಶವಾಹಿ ತಂತುವನ್ನು ಕಡಿಯುತ್ತವೆ. ಗಡ್ಡೆ ಸಾಯುವುದು ಹೀಗೆ. ಸುತ್ತಲಿನ ಒಳ್ಳೆಯ ಭಾಗ ಬೇಯುವುದೂ ಹೀಗೆಯೇ. ಕೆಲವು ಸಸ್ಯಾಂಶಗಳು ಈ ಕಣಗಳನ್ನು ಹಿಡಿದು ತಣಿಸಬಲ್ಲವು.

ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ತುಳಸಿ ಎಲೆಯ ಓರಿಯೆಂಟಿನ್, ವೈಸೆನಿನ್ ಎಂಬ ಅಂಶಗಳನ್ನು ಇಲಿಗಳಿಗೆ ಕೊಟ್ಟು, ವಿಕಿರಣದ ಹಾನಿ ತಗ್ಗುವುದನ್ನು ತೋರಿಸಿದರು. ಆದರೆ ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಔಷಧವಾಗದು.

ಮನುಷ್ಯರ ಮೇಲಿನ ಪರೀಕ್ಷೆಯೂ ನಮ್ಮ ರಾಜ್ಯದಲ್ಲೇ ನಡೆದಿದೆ. ಮಂಗಳೂರಿನ ವೈದ್ಯರು ತಲೆ, ಕುತ್ತಿಗೆ ಭಾಗದ ಕ್ಯಾನ್ಸರಿನ 80 ರೋಗಿಗಳಲ್ಲಿ ಅರ್ಧ ಜನರಿಗೆ ಅರಿಸಿನದ ನೀರನ್ನೂ ಉಳಿದವರಿಗೆ ಅಯೋಡಿನ್ ದ್ರಾವಣವನ್ನೂ ಬಾಯಿ ಮುಕ್ಕಳಿಸಲು ಕೊಟ್ಟರು. ಅರಿಸಿನದವರಲ್ಲಿ ಹುಣ್ಣು ತಡವಾಗಿ ಬಂತು, ತೀವ್ರತೆಯೂ ಕಡಿಮೆಯಿತ್ತು. ಇದು 2014ರಲ್ಲಿ ಪ್ರಕಟವಾಯಿತು. ಪರೀಕ್ಷೆ ಚಿಕ್ಕದು, ಆದರೂ ಭರವಸೆಯದು.

ಇನ್ನೊಂದು ಮುಖವನ್ನೂ ನೋಡಬೇಕು. ಕೆನಡಾದಲ್ಲಿ ಇಂಥದೇ 540 ರೋಗಿಗಳ ಪರೀಕ್ಷೆಯಲ್ಲಿ ‘ಇ’ ಜೀವಸತ್ವ, ಬೀಟಾ ಕೆರೋಟಿನ್ ಮಾತ್ರೆಗಳನ್ನು ಹೆಚ್ಚು ಪ್ರಮಾಣದಲ್ಲಿ ನುಂಗಿಸಲಾಯಿತು. ತೊಂದರೆಗಳೇನೋ ತಗ್ಗಿದವು, ಆದರೆ ರೋಗ ಮರುಕಳಿಸುವ ಸಂಭವ ಹೆಚ್ಚುವ ಸೂಚನೆ ಕಂಡಿತೆಂದು 2005ರಲ್ಲಿ ವರದಿಯಾಯಿತು. ಬೆಳೆಗೆ ಹಾಕಿದ ಬೇಲಿ ಕಳೆಯನ್ನೂ ಕಾಯುವಂತೆ, ಒಳ್ಳೆಯ ಕೋಶವನ್ನು ಕಾಯುವ ವಸ್ತು ಗಡ್ಡೆಯನ್ನೂ ಕಾಯಬಹುದು.

ಆದ್ದರಿಂದ ನಾವು ಹೇಳುವುದಿಷ್ಟು:

1. ಸಾರು, ಪಲ್ಯಕ್ಕೆ ಹಾಕುವ ಅರಿಸಿನಕ್ಕೆ ಅಂಜಬೇಕಿಲ್ಲ. ಪುಡಿ, ಕಷಾಯ, ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

2. ಬಾಯಿ ಮುಕ್ಕಳಿಸುವುದಕ್ಕೂ ಚರ್ಮಕ್ಕೆ ಹಚ್ಚುವುದಕ್ಕೂ ಅವರ ಒಪ್ಪಿಗೆ ಪಡೆಯಿರಿ.

3. ಹುಣ್ಣಿನ ನೋವಿಗೆ ಹೆದರಿ ಚಿಕಿತ್ಸೆಯನ್ನು ನಡುವೆ ಬಿಡಬೇಡಿ. ಬಿಟ್ಟ ದಿನಗಳಲ್ಲಿ ಗಡ್ಡೆ ಚೇತರಿಸಿಕೊಳ್ಳುತ್ತದೆ.

ಅಡಿಕೆ ಬೆಳೆಯುವ ನಾವು ಇದನ್ನೂ ಮುಚ್ಚಿಡಬಾರದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬಾಯಿ ತೆರೆಯಲು ಬಿಗಿತ, ಬಿಳಿ ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ಅಗಿಯುವುದನ್ನು ನಿಲ್ಲಿಸಿ, ಕೂಡಲೇ ವೈದ್ಯರಿಗೆ ತೋರಿಸಿರಿ.